ಸೀಮಂತದ ಮನೆಯಲ್ಲಿ ಸೀಸ ಹುಡುಕುವುದು ಹೇಗೆ?

ನನ್ನ ಚಿಕ್ಕಮ್ಮನ ಮಗಳು ಏಳು ತಿಂಗಳ ಬಸುರಿಯಾಗಿದ್ದಾಗ ತವರಿಗೆ ಬಂದಿದ್ದಳು. ರಾತ್ರಿ ದೀಪ ಆರಿಸಿದ ಮೇಲೆ ಅವಳ ಕೋಣೆಯಿಂದ ಕಟುಂ ಕಟುಂ ಎಂದು ಸದ್ದು. ಕೇಳಿದರೆ ‘ಇಲಿ ಇರಬೇಕು ಅಕ್ಕ’ ಅಂದಳು. ಮಾರನೆಯ ದಿನ ಹಾಸಿಗೆ ಕೊಡವುವಾಗ ದಿಂಬಿನ ಕೆಳಗಿಂದ ಅರ್ಧ ಖಾಲಿಯಾದ ಬಳಪದ ಡಬ್ಬಿ ಬಿತ್ತು. ಅಜ್ಜಿ ನಕ್ಕುಬಿಟ್ಟರು: ‘ಬಸುರಿ ಬಯಕೆ, ತಿನ್ನಲಿ ಬಿಡ್ರೇ. ನಾನು ಕೆಮ್ಮಣ್ಣು ತಿಂದೇ ಐದು ಹೆತ್ತಿದ್ದೀನಿ.’

ಬಳಪ, ಕೆಮ್ಮಣ್ಣು, ವಿಭೂತಿ, ಗೋಡೆಯ ಸುಣ್ಣ ಇವುಗಳ ಮೇಲೆ ಆಸೆ ಹುಟ್ಟುವುದು ಎಷ್ಟೋ ಸಲ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿರುವುದರ ಸುಳಿವು. ಆದರೆ ಮಣ್ಣಿನ ಜೊತೆ ಸೀಸವೂ ಹೊಟ್ಟೆಗೆ ಹೋಗಬಹುದು. ಕಬ್ಬಿಣ ಕಡಿಮೆ ಇರುವ ಮೈ ಸೀಸವನ್ನು ಇನ್ನೂ ಹೆಚ್ಚಾಗಿ ಹೀರಿಕೊಳ್ಳುತ್ತದೆ. ತಾಯಿಯ ರಕ್ತಕ್ಕೆ ಸೇರಿದ್ದು ತಾಯಿಯಲ್ಲೇ ಉಳಿಯುವುದಿಲ್ಲ. ಮಾಸು ಅನೇಕ ಕೆಡುಕುಗಳನ್ನು ಸೋಸುತ್ತದೆ, ಸೀಸವನ್ನು ಮಾತ್ರ ತಡೆಯುವುದಿಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಸಿಗುವ ಸೀಸದ ಪ್ರಮಾಣ ತಾಯಿಯ ರಕ್ತದಲ್ಲಿರುವುದಕ್ಕೆ ಹೆಚ್ಚೂಕಡಿಮೆ ಸಮ.

ಸೀಸದಿಂದ ನಮ್ಮ ಮೈಗೆ ಯಾವ ಉಪಯೋಗವೂ ಇಲ್ಲ. ಆದರೂ ಅದು ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಎಲ್ಲೆಡೆ ನುಗ್ಗುತ್ತದೆ. ಮೂಳೆಯೊಳಗೆ ಕೂತರೆ ದಶಕಗಳ ಕಾಲ ಕದಲದು. ಬಸುರಿಯಲ್ಲಿ ಮಗುವಿನ ಎಲುಬು ಕಟ್ಟಲು ಕ್ಯಾಲ್ಸಿಯಂ ಸಾಲದೆ ಹೋದಾಗ ತಾಯಿಯ ಮೂಳೆ ಕರಗುತ್ತದೆ, ಅದರೊಂದಿಗೆ ಹಳೆಯ ಸೀಸವೂ ರಕ್ತಕ್ಕೆ ಇಳಿಯುತ್ತದೆ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲು ಪೂರ್ತಿ ನಿಂತದ್ದು 2000ದಲ್ಲಿ. ಮೂವತ್ತು ದಾಟಿ ಈಗ ತಾಯಿಯಾಗುತ್ತಿರುವವರು ಬಾಲ್ಯದಲ್ಲಿ ರಸ್ತೆ ಬದಿ ಉಸಿರಾಡಿದ್ದು ಆ ಹೊಗೆಯನ್ನೇ.

ಹೊಟ್ಟೆಯಲ್ಲಿರುವ ಮಗುವಿನ ಮಿದುಳಿನಲ್ಲಿ ನರಕೋಶಗಳು ತಮ್ಮ ಜಾಗ ಹುಡುಕಿಕೊಂಡು ಒಂದಕ್ಕೊಂದು ಕೈ ಚಾಚುವ ಕಾಲ ಅದು. ಆ ಕೆಲಸಕ್ಕೆಲ್ಲ ಸನ್ನೆ ಕೊಡುವುದು ಕ್ಯಾಲ್ಸಿಯಂ. ಆ ಸನ್ನೆಯನ್ನೇ ಸೀಸ ಕೆಡಿಸುತ್ತದೆ. ಮಗು ನೋಡಲು ದುಂಡಗೆ, ಚೆನ್ನಾಗಿಯೇ ಹುಟ್ಟುತ್ತದೆ. ವ್ಯತ್ಯಾಸ ಗೊತ್ತಾಗುವುದು ಮುಂದೆ, ಗಮನ ನಿಲ್ಲದಿದ್ದಾಗ, ಓದಿದ್ದು ತಲೆಗೆ ಹತ್ತದಿದ್ದಾಗ. ಅಮೆರಿಕದ ಬಾಸ್ಟನ್ನಿನಲ್ಲಿ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷಿಸಿ, ಆ ಮಕ್ಕಳನ್ನು ಎರಡು ವರ್ಷದವರೆಗೆ ಹಿಂಬಾಲಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಸೀಸವಿದ್ದ ಮಕ್ಕಳು ಮಾನಸಿಕ ಬೆಳವಣಿಗೆಯ ಅಳತೆಯಲ್ಲಿ ಕಡಿಮೆ ಸೀಸವಿದ್ದವರಿಗಿಂತ ಸುಮಾರು 5 ಅಂಕ ಹಿಂದಿದ್ದರು. ಅವರ ತಾಯಂದಿರು ಹೆಚ್ಚಿನವರು ಓದಿದವರು, ಅನುಕೂಲಸ್ಥರು. ಬಡವರ ಕಾಯಿಲೆ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ.

ನಮ್ಮಲ್ಲಿ ಸೀಸದ ಅಪಾಯದ ಮಾತನ್ನು ಗಟ್ಟಿಯಾಗಿ ಆಡಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್. ‘ಲೆಡ್ ಮ್ಯಾನ್’ ಎಂದೇ ಹೆಸರಾದವರು. ಬೆಂಗಳೂರೂ ಸೇರಿ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆಯ ಫಲಿತಾಂಶ 1999ರಲ್ಲಿ ಹೊರಬಿದ್ದಾಗ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿತ್ತು. ಪೆಟ್ರೋಲು ಬದಲಾಯಿತು, ಕಥೆ ಮುಗಿಯಲಿಲ್ಲ. ಯುನಿಸೆಫ್ 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ಭಾರತದ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ.

ಮಗು ಹುಟ್ಟಿದ ಮೇಲೆ ಮದ್ದು ಮಾಡಿದರಾಯಿತು ಎನ್ನುವಂತಿಲ್ಲ. ಅಮೆರಿಕದಲ್ಲಿ 780 ಮಕ್ಕಳನ್ನು ಆರಿಸಿ, ಸುಮಾರು ಅರ್ಧದಷ್ಟು ಮಂದಿಗೆ ಸೀಸ ಹೊರಹಾಕುವ ಔಷಧಿಯನ್ನು, ಉಳಿದವರಿಗೆ ಹುಸಿ ಮಾತ್ರೆಯನ್ನು ಕೊಟ್ಟು ಹೋಲಿಸಿ ನೋಡಿದರು. ರಕ್ತದಲ್ಲಿನ ಸೀಸವೇನೋ ಇಳಿಯಿತು, ಬುದ್ಧಿಮತ್ತೆಯ ಅಂಕ ಮೇಲೇರಲಿಲ್ಲ. ಆದ್ದರಿಂದ ಹುಡುಕಾಟ ಸೀಮಂತಕ್ಕೂ ಮೊದಲೇ ನಡೆಯಬೇಕು. ಮಗು ಬೇಕೆಂದು ಅಂದುಕೊಂಡ ದಿನವೇ ಶುರುಮಾಡಿದರೆ ಇನ್ನೂ ಒಳ್ಳೆಯದು.

ಮೊದಲ ಹೆಜ್ಜೆ: ಗಂಡನ ಅಂಗಿ

ಮನೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಎಂದು ಕೇಳಿಕೊಳ್ಳಿ. ಹಳೆಯ ಬ್ಯಾಟರಿ ಬಿಚ್ಚುವುದು, ಗುಜರಿ, ರೇಡಿಯೇಟರ್ ಬೆಸುಗೆ, ಎಲೆಕ್ಟ್ರಾನಿಕ್ಸ್ ರಿಪೇರಿ, ಹಳೆಯ ಬಣ್ಣ ಕೆರೆಯುವ ಪೇಂಟಿಂಗ್, ಇವೆಲ್ಲ ಸೀಸದ ಕೆಲಸಗಳು. ಕರಾವಳಿಯಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡನ್ನು ಅಂಗಳದಲ್ಲೇ ಕರಗಿಸಿ ಎರಕ ಹೊಯ್ಯುವವರೂ ಉಂಟು. ಬಸುರಿ ಇರುವ ಮನೆಯ ಅಂಗಳದಲ್ಲಿ ಅದು ಕೂಡದು.

ಗಂಡ ಕೆಲಸದ ಜಾಗದಲ್ಲೇ ಬಟ್ಟೆ, ಚಪ್ಪಲಿ ಬದಲಿಸಿ, ಕೈಕಾಲು ಮುಖ ತೊಳೆದು ಬರಲಿ. ಆಗದಿದ್ದರೆ ಬಾಗಿಲಾಚೆಯೇ ಬಟ್ಟೆ ಬಿಚ್ಚಿ ಬೇರೆ ಬಕೆಟ್ಟಿಗೆ ಹಾಕಲಿ. ಆ ಬಟ್ಟೆಯನ್ನು ಬಸುರಿ ಒಗೆಯಬಾರದು, ಕೊಡವಲೂಬಾರದು. ಅತ್ತೆಯವರಿಗೆ ಇದನ್ನು ಬಿಡಿಸಿ ಹೇಳುವ ಜವಾಬ್ದಾರಿ ಮಗನದು. ಮನೆಯ ಯುಪಿಎಸ್ ಬ್ಯಾಟರಿ ಮುಚ್ಚಿದ ಸ್ಥಿತಿಯಲ್ಲಿದ್ದರೆ ಗಾಬರಿ ಬೇಡ. ಅದನ್ನು ಮನೆಯಲ್ಲಿ ಬಿಚ್ಚದೆ, ಬದಲಿಸುವಾಗ ಅಂಗಡಿಗೇ ಮರಳಿಸಿ.

ಎರಡನೆಯದು: ಅಡುಗೆಮನೆ

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬಾಂಗ್ಲಾದೇಶದ ಹಳ್ಳಿಗಳ ಬಸುರಿಯರ ರಕ್ತದಲ್ಲಿ ಸೀಸ ಏಕೆ ಹೆಚ್ಚಿದೆ ಎಂದು ಸಂಶೋಧಕರು ಬೆನ್ನಟ್ಟಿ ಹೋದರು. ಕಾರ್ಖಾನೆಯಿಲ್ಲ, ಹಳೆಯ ಬಣ್ಣವಿಲ್ಲ. ಕೊನೆಗೆ ಸಿಕ್ಕಿದ್ದು ಅರಿಶಿನ. ಮಂಕಾದ ಕೊಂಬಿಗೆ ಹೊಳಪು ಬರಲೆಂದು ವ್ಯಾಪಾರಿಗಳು ಲೆಡ್ ಕ್ರೋಮೇಟ್ ಎಂಬ ಹಳದಿ ಪುಡಿ ಹಚ್ಚುತ್ತಿದ್ದರು. 2019ರಲ್ಲಿ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ 47 ಶೇಕಡದಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ದಾಳಿ ನಡೆಸಿ ದಂಡ ಹಾಕಿತು, ಪ್ರಚಾರ ಮಾಡಿತು. 2021ರ ಹೊತ್ತಿಗೆ ಆ ಸಂಖ್ಯೆ ಸೊನ್ನೆಗೆ ಇಳಿಯಿತು. ಮನಸ್ಸು ಮಾಡಿದರೆ ಎರಡೇ ವರ್ಷ ಸಾಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಅರಿಶಿನ ಬೆಳೆಯುತ್ತಾರೆ. ಸಾಧ್ಯವಾದರೆ ಇಡೀ ಕೊಂಬು ತಂದು ಮಿಲ್ಲಿನಲ್ಲಿ ಪುಡಿ ಮಾಡಿಸಿ. ಕೊಂಬು ಕಣ್ಣು ಕುಕ್ಕುವಷ್ಟು ಹಳದಿಯಾಗಿದ್ದರೆ ಅನುಮಾನಿಸಿ. ಒಂದು ಗಾಜಿನ ಲೋಟದ ನೀರಿಗೆ ಕೊಂಬು ಹಾಕಿ. ಶುದ್ಧ ಅರಿಶಿನದ ಕೊಂಬು ಬಣ್ಣ ಬಿಡುವುದಿಲ್ಲ, ಬಣ್ಣ ಬಳಿದ ಕೊಂಬು ತಕ್ಷಣವೇ ನೀರನ್ನು ಹಳದಿ ಮಾಡುತ್ತದೆ. ಇದು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿಕೊಟ್ಟಿರುವ ಪರೀಕ್ಷೆ. ಪುಡಿಗೆ ಇದು ನಡೆಯದು, ಹಾಗಾಗಿ ಬಿಡಿ ಪುಡಿ ಕೊಳ್ಳದಿರುವುದೇ ವಾಸಿ.

ಇನ್ನು ಪಾತ್ರೆ. ಹಿತ್ತಾಳೆ ಪಾತ್ರೆಗೆ ಹಾಕಿಸುವ ಕಲಾಯಿ ತವರದ್ದಾಗಿರಬೇಕು. ತವರ ದುಬಾರಿ, ಸೀಸ ಅಗ್ಗ, ಎರಡೂ ಬೆಳ್ಳಗೆ ಹೊಳೆಯುತ್ತವೆ. ಬೆರೆಸುವ ಆಸೆ ಎಲ್ಲಿಂದ ಬರುತ್ತದೆ ಎಂದು ಹೇಳಬೇಕಿಲ್ಲ. ಬೆಂಗಳೂರಿನ ತಮಿಳು ಮನೆಗಳಲ್ಲಿ ರಸಕ್ಕೆ ಇಡುವ ‘ಈಯ ಚೊಂಬು’ ಕೂಡ ಹಾಗೆಯೇ. ಅವರ ಭಾಷೆಯಲ್ಲಿ ಈಯ ಎಂದರೆ ತವರವೂ ಹೌದು, ಸೀಸವೂ ಹೌದು! ಹುಳಿ ತಾಗಿದರೆ ಸೀಸ ಬೇಗ ಕರಗುತ್ತದೆ. ಹುಣಸೆಹಣ್ಣಿನ ಸಾರು, ಹುಳಿ, ಮಜ್ಜಿಗೆ, ಉಪ್ಪಿನಕಾಯಿಗೆ ಒಂಬತ್ತು ತಿಂಗಳ ಮಟ್ಟಿಗೆ ಸ್ಟೀಲ್ ಪಾತ್ರೆ ಇರಲಿ. ಗುಜರಿ ಲೋಹ ಕರಗಿಸಿ ಮಾಡಿದ, ಹೆಸರು ಮುದ್ರೆ ಯಾವುದೂ ಇಲ್ಲದ ಅಗ್ಗದ ಅಲ್ಯೂಮಿನಿಯಂ ಪಾತ್ರೆಯೂ ಬೇಡ.

ನಲ್ಲಿ ನೀರನ್ನು ಕುದಿಸಿದರೆ ಕ್ರಿಮಿ ಸಾಯುತ್ತದೆ, ಸೀಸ ಹೋಗುವುದಿಲ್ಲ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಬೆಳಗ್ಗೆ ಮೊದಲು ಪಾತ್ರೆ ತೊಳೆಯಲು ಬಿಟ್ಟುಕೊಂಡು, ಆಮೇಲೆ ಕುಡಿಯಲು ಹಿಡಿಯಿರಿ. ಅಂದಹಾಗೆ, ಓದಿಯಾದ ಪತ್ರಿಕೆಯನ್ನು ಬಜ್ಜಿಯ ಎಣ್ಣೆ ಹೀರಿಸಲು ಬಳಸಬೇಡಿ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ನಮ್ಮ ಪತ್ರಿಕೆಗಳು ಹುಟ್ಟುತ್ತಿದ್ದದ್ದೇ ಸೀಸದಿಂದ. ಮೊಳೆ ಹೋಯಿತು, ಶಾಯಿಯ ಬಗ್ಗೆ ಆಹಾರ ಪ್ರಾಧಿಕಾರದ ಎಚ್ಚರಿಕೆ ಇನ್ನೂ ಇದೆ.

ಮೂರನೆಯದು: ಕನ್ನಡಿಯ ಮುಂದೆ, ದೇವರ ಮುಂದೆ

ಶುದ್ಧ ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮದಲ್ಲಿ ಸೀಸವಿರುವುದಿಲ್ಲ. ಆಂಜನೇಯನಿಗೆ ಬಳಿಯುವ ಕಿತ್ತಳೆ ಬಣ್ಣದ ಸಿಂಧೂರ ಬೇರೆ. ಅದು ಕೆಲವೊಮ್ಮೆ ಸೀಸದ ಆಕ್ಸೈಡೇ ಆಗಿರುತ್ತದೆ. ದೇವರಿಗೆ ಇರಲಿ, ಬೈತಲೆಗೆ ಬೇಡ, ಬೆರಳಿಗೆ ಅಂಟಿದರೆ ಊಟಕ್ಕೆ ಮುಂಚೆ ಸೋಪು ಹಾಕಿ ತೊಳೆಯಿರಿ. ಸುರ್ಮಾ ಎಂದು ಮಾರುವ ಕಪ್ಪು ಪುಡಿ ಅನೇಕ ಸಲ ಸೀಸದ ಅದಿರು. ಹರಳೆಣ್ಣೆ ದೀಪದ ಮಸಿಯ ಕಾಡಿಗೆಯಲ್ಲಿ ಆ ಭಯವಿಲ್ಲ. ಆದರೂ ಹಸುಗೂಸಿನ ಕಣ್ಣಿಗೆ ಬೇಡ, ದೃಷ್ಟಿಬೊಟ್ಟು ಅಂಗಾಲಿಗೆ ಇಟ್ಟರೂ ದೃಷ್ಟಿ ನಿವಾಳಿಯಾಗುತ್ತದೆ.

ನಾಲ್ಕನೆಯದು: ಔಷಧಿ ಡಬ್ಬಿ

ರಸಶಾಸ್ತ್ರದಲ್ಲಿ ನಾಗ ಎಂದರೆ ಹಾವಲ್ಲ, ಸೀಸ. ನಾಗಭಸ್ಮ ಎಂದರೆ ಸೀಸದ ಭಸ್ಮ. 2011–12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಬಸುರಿಯರಿಗೆ ಸೀಸದ ವಿಷವೇರಿದ್ದು ಪತ್ತೆಯಾಯಿತು. ಮೂಲ ಹುಡುಕಿದಾಗ ಸಿಕ್ಕಿದ್ದು ಭಾರತದಲ್ಲಿ ತಯಾರಾದ ಆಯುರ್ವೇದ ಔಷಧಿಗಳು. ಜೀರಿಗೆ ಕಷಾಯ, ಶುಂಠಿ, ಬಾಣಂತಿ ಲೇಹದ ಬೇರುಗಳ ಮೇಲೆ ಯಾರ ತಕರಾರೂ ಇಲ್ಲ. ಭಸ್ಮ, ರಸ, ಸಿಂಧೂರ ಎಂದು ಹೆಸರಿನ ಕೊನೆಯಲ್ಲಿರುವ ಮಾತ್ರೆಗಳನ್ನು, ಚೀಟಿಯಿಲ್ಲದ ಪೊಟ್ಟಣಗಳನ್ನು, ಗಂಡುಮಗುವಿಗೆಂದು ಯಾರೋ ಕೊಟ್ಟ ಪುಡಿಯನ್ನು ಮುಟ್ಟಬೇಡಿ. ನುಂಗಿಯಾಗಿದ್ದರೆ ಬೈಸಿಕೊಳ್ಳುವ ಅಂಜಿಕೆಯಿಂದ ಮುಚ್ಚಿಡದೆ ಡಾಕ್ಟರಿಗೆ ತೋರಿಸಿ.

ಐದನೆಯದು: ಸುಣ್ಣಬಣ್ಣ

ಸೀಮಂತ ಬಂತೆಂದರೆ ಮನೆಗೆ ಬಣ್ಣ ಹೊಡೆಸುವ ಸಡಗರ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದೆ ಕಿಟಕಿ, ಬಾಗಿಲು, ಗ್ರಿಲ್ಲಿಗೆ ಹೊಡೆದ ಎನಾಮಲ್ ಬಣ್ಣವನ್ನು ಉಜ್ಜುಕಾಗದ ಹಾಕಿ ಕೆರೆದರೆ ಮನೆಯೆಲ್ಲ ಸೀಸದ ದೂಳು. ಮಾಡಲೇಬೇಕಿದ್ದರೆ ಬಸುರಿ ಬೇರೆ ಮನೆಯಲ್ಲಿದ್ದಾಗ, ಮೇಲ್ಮೈಯನ್ನು ನೀರಿನಿಂದ ಒದ್ದೆ ಮಾಡಿಕೊಂಡು ಉಜ್ಜಿಸಿ. ಬಣ್ಣ ಗಟ್ಟಿಯಾಗಿ ಅಂಟಿದ್ದರೆ ಹಾಗೇ ಬಿಡಿ, ಮಗು ದೊಡ್ಡದಾಗಲಿ.

ಆರನೆಯದು: ತಟ್ಟೆ

ಊಟ ಸೀಸವನ್ನು ಹೊರಗೆ ಹಾಕುವುದಿಲ್ಲ, ಒಳಗೆ ಬಿಡುವುದನ್ನು ಕಡಿಮೆ ಮಾಡುತ್ತದೆ. ಖಾಲಿ ಹೊಟ್ಟೆ ಸೀಸವನ್ನು ಹೆಚ್ಚು ಹೀರುತ್ತದೆ, ಹಾಗಾಗಿ ಹೊತ್ತು ಮೀರಿಸಬೇಡಿ. ಮೆಕ್ಸಿಕೋ ನಗರದಲ್ಲಿ ಬಸುರಿಯರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟಾಗ ರಕ್ತದ ಸೀಸ ಸರಾಸರಿ 11 ಶೇಕಡ ಇಳಿಯಿತು. ನಮಗೆ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಮುದ್ದೆ, ಅಂಬಲಿ, ಎಳ್ಳುಂಡೆ, ಮೊಸರು, ನುಗ್ಗೆಸೊಪ್ಪು, ಇದಕ್ಕಿಂತ ಬೇರೆ ಏನು ಬೇಕು?

ಸರ್ಕಾರಿ ಆಸ್ಪತ್ರೆಯಲ್ಲಿ 14ನೇ ವಾರದಿಂದ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ, ಜೊತೆಗೆ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಬೇಡಿ, ಒಂದು ಇನ್ನೊಂದನ್ನು ಒಳಗೆ ಬಿಡುವುದಿಲ್ಲ. ನಡುವೆ ಎರಡು ಗಂಟೆಯಾದರೂ ಇರಲಿ. ಬಳಪ, ಮಣ್ಣಿನ ಬಯಕೆ ಇದ್ದರೆ ನಾಚದೆ ಆಶಾ ಕಾರ್ಯಕರ್ತೆಗೆ ಹೇಳಿ, ಹಿಮೋಗ್ಲೋಬಿನ್ ನೋಡಿಸಿ.

ಏಳನೆಯದು: ರಕ್ತಪರೀಕ್ಷೆ

ತಾಯಿ ಕಾರ್ಡಿನ ಮಾಮೂಲಿ ಪರೀಕ್ಷೆಗಳಲ್ಲಿ ಸೀಸ ಇಲ್ಲ. ಎಲ್ಲರಿಗೂ ಬೇಕಾಗಿಯೂ ಇಲ್ಲ. ಮೇಲೆ ಹೇಳಿದ ಕೆಲಸ, ಭಸ್ಮ, ಮಣ್ಣು ತಿನ್ನುವ ಅಭ್ಯಾಸ, ಬ್ಯಾಟರಿ ಕರಗಿಸುವ ಜಾಗದ ಪಕ್ಕದ ಮನೆ, ಇವುಗಳಲ್ಲಿ ಒಂದಾದರೂ ಇದ್ದರೆ ನೀವೇ ಡಾಕ್ಟರನ್ನು ಕೇಳಿ. ತೋಳಿನ ರಕ್ತನಾಳದಿಂದ ತೆಗೆದ ರಕ್ತವೇ ಆಗಬೇಕು, ಬೆರಳ ತುದಿಯ ಹನಿಗೆ ಚರ್ಮದ ಮೇಲಿನ ಸೀಸ ಅಂಟಿ ಲೆಕ್ಕ ತಪ್ಪುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟ ಸೀಸಕ್ಕೆ ಇಲ್ಲ. ಡೆಸಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತೆಗೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೀಸ ಹೊರಹಾಕುವ ಔಷಧಿಯ ಮಾತು ಬರುವುದು 45 ಮುಟ್ಟಿದಾಗ, ಅದೂ ತಜ್ಞರ ಕೈಯಲ್ಲಿ. ಮೂಲ ತೆಗೆದರೆ ರಕ್ತದ ಸೀಸ ಕೆಲವು ತಿಂಗಳಲ್ಲಿ ಇಳಿಯುತ್ತದೆ.

ಹೆಚ್ಚು ಬಂತೆಂದು ಎದೆಹಾಲು ಬಿಡಿಸುವವರಿದ್ದಾರೆ. ಬೇಡ. ತಾಯಿಯ ರಕ್ತದಲ್ಲಿ 40ಕ್ಕಿಂತ ಕಡಿಮೆ ಇರುವವರೆಗೂ ಹಾಲೂಡಿಸಬಹುದು.

ಮಗು ಬಂದ ಮೇಲೆ

ಅಂಬೆಗಾಲಿಡುವ ಮಗುವಿನ ಕೈ ದಿನವಿಡೀ ಬಾಯಲ್ಲಿ. ನುಂಗಿದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ ಆ ಪುಟ್ಟ ಹೊಟ್ಟೆ. ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಊಟಕ್ಕೆ ಮುಂಚೆ ಕೈ, ಸಂಜೆ ಆಟಿಕೆ ತೊಳೆಯಿರಿ, ಬಣ್ಣ ಏಳುವ ಆಟಿಕೆ ಎಸೆಯಿರಿ. ಮಗುವಿನ ಜೊತೆ ಮಾತು, ಹಾಡು, ಆಟ ಇರಲಿ. ಬೆಳೆಯುವ ಮಿದುಳಿಗೆ ಇವೂ ಆಹಾರವೇ.

ನನ್ನ ತಂಗಿಗೆ ಹಿಮೋಗ್ಲೋಬಿನ್ 8ರ ಹತ್ತಿರವಿತ್ತು. ಮಾತ್ರೆ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ‘ಇಲಿ’ಯ ಸದ್ದು ನಿಂತಿತು. ಆಗ ಹುಟ್ಟಿದ ಅವಳ ಮಗಳಿಗೆ ಈಗ ನಾಲ್ಕು ವರ್ಷ. ಮೊನ್ನೆ ಸ್ಲೇಟಿನ ಮೇಲೆ ‘ಅ’ ಬರೆಯುವ ಮೊದಲು ಬಳಪದ ತುದಿ ಕಚ್ಚಿ ನೋಡುತ್ತಿದ್ದಳು. ಅಜ್ಜಿ ಈ ಸಲ ನಗಲಿಲ್ಲ. ‘ಇವಳಿಗೂ ರಕ್ತ ತೋರಿಸಿಬಿಡ್ರೇ’ ಅಂದರು. ಶನಿವಾರ ಹೋಗುವವರಿದ್ದೇವೆ.