ಬಂದರಿನ ವರದಿಗಳು: ಎಷ್ಟು ಬೇಕು, ಏಕೆ ಬೇಕು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ಯಾವುದಕ್ಕೂ ಕಡಲ ತೀರವಿಲ್ಲ. ಆದುದರಿಂದ ಬಂದರಿನ ಆಡಳಿತವನ್ನು ಕುರಿತು ನಮ್ಮ ಕಾಲೇಜಿನ ಸಂಚಿಕೆಯಲ್ಲಿ ಬರೆಯುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಜಿಲ್ಲೆ ದ್ರಾಕ್ಷಿಗೆ ಹೆಸರಾದುದು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಹಡಗು ಹತ್ತಬೇಕಾದ ಹಣ್ಣು ಒಂದು ಕಾಗದದ ಸಲುವಾಗಿ ಎರಡು ದಿನ ಬಂದರಿನಲ್ಲಿ ನಿಂತರೆ, ಅದರ ನಷ್ಟ ಕೊನೆಗೆ ತೋಟದವನ ತಲೆಗೇ ಬರುವುದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಈ ವಿಷಯವನ್ನು ಆರಿಸಿಕೊಳ್ಳಲು ಇದೇ ಕಾರಣ.

ಹಡಗೊಂದು ಬಂದರಿಗೆ ಬಂದಾಗ ಅದನ್ನು ವಿಚಾರಿಸುವ ಕಚೇರಿ ಒಂದಲ್ಲ. ಸುಂಕದವರು ಸರಕಿನ ಪಟ್ಟಿ ಕೇಳುತ್ತಾರೆ. ವಲಸೆ ಅಧಿಕಾರಿಗಳು ನಾವಿಕರ ಹಾಗೂ ಪ್ರಯಾಣಿಕರ ಹೆಸರುಗಳನ್ನು ಕೇಳುತ್ತಾರೆ. ಹಡಗಿನಲ್ಲಿ ಸಾಂಕ್ರಾಮಿಕ ರೋಗವುಂಟೇ ಎಂಬುದು ಆರೋಗ್ಯಾಧಿಕಾರಿಯ ಪ್ರಶ್ನೆ. ಹಡಗಿನ ಉದ್ದವೆಷ್ಟು, ನೀರಿನೊಳಗೆ ಅದು ಎಷ್ಟು ಆಳ ಇಳಿದಿದೆ ಎಂಬುದು ಬಂದರಿನವರ ಪ್ರಶ್ನೆ. ಒಂದೊಂದು ಪ್ರಶ್ನೆಯೂ ನ್ಯಾಯವಾದುದೇ. ಆದರೆ ಹಡಗಿನ ಹೆಸರು, ಅದರ ಧ್ವಜ, ಅದು ಬಂದ ಊರು ಮೊದಲಾದ ಅದೇ ವಿವರಗಳನ್ನು ಪ್ರತಿಯೊಂದು ನಮೂನೆಯಲ್ಲಿಯೂ ಮತ್ತೆ ಮತ್ತೆ ತುಂಬಬೇಕಾಗುವುದು ತೊಡಕು. ಒಂದೇ ಉತಾರವನ್ನು ಬ್ಯಾಂಕಿಗೊಮ್ಮೆ, ಸಹಕಾರಿ ಸಂಘಕ್ಕೊಮ್ಮೆ, ಬೆಳೆವಿಮೆಗೊಮ್ಮೆ ಒಯ್ದು ಕೊಡುವ ರೈತರ ಮಕ್ಕಳಾದ ನಮಗೆ ಈ ತೊಡಕನ್ನು ವಿವರಿಸಬೇಕಾಗಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಂಥಲ್ಲಿಯೇ ಹುಟ್ಟಿರಬೇಕು.

ಈ ಭಾರವನ್ನು ಇಳಿಸುವ ಯತ್ನ ಹೊಸತೇನಲ್ಲ. 1965ರ ಏಪ್ರಿಲ್ 9ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಕಡಲ ಸಂಚಾರವನ್ನು ಸುಗಮಗೊಳಿಸುವ ಒಪ್ಪಂದವೊಂದು ಅಂಗೀಕೃತವಾಗಿ, 1967ರ ಮಾರ್ಚ್ 5ರಿಂದ ಜಾರಿಗೆ ಬಂದಿತು. ದೇಶಕ್ಕೊಂದು ನಮೂನೆಯ ಬದಲು ಎಲ್ಲ ದೇಶಗಳಿಗೂ ಸಲ್ಲುವ ನಮೂನೆಗಳು ಇರಲಿ ಎಂಬುದು ಅದರ ಆಶಯ. ಈ ಒಪ್ಪಂದದ ಮೇರೆಗೆ 2024ರ ಜನವರಿ 1ರಿಂದ ಪ್ರತಿಯೊಂದು ಸದಸ್ಯ ರಾಷ್ಟ್ರವೂ ಹಡಗಿನ ವಿವರಗಳನ್ನು ಒಂದೇ ಕಿಟಕಿಯಲ್ಲಿ, ಕಂಪ್ಯೂಟರಿನ ಮೂಲಕ, ಸ್ವೀಕರಿಸಬೇಕೆಂಬುದು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2025ರ ಫೆಬ್ರುವರಿಯಲ್ಲಿ 'ಒಂದು ರಾಷ್ಟ್ರ, ಒಂದು ಬಂದರು ಕ್ರಮ' ಎಂಬ ಯೋಜನೆ ಹೊರಬಿದ್ದಿತು. ಅದರ ಪ್ರಕಾರ ಪ್ರಮುಖ ಬಂದರುಗಳಲ್ಲಿ ಕಂಟೇನರು ಸಾಗಾಟದ ದಾಖಲೆಗಳು 143ರಿಂದ 96ಕ್ಕೂ, ಸಗಟು ಸರಕಿನ ದಾಖಲೆಗಳು 150ರಿಂದ 106ಕ್ಕೂ ಇಳಿದವು. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರೂ ಈ ಗುಂಪಿಗೆ ಸೇರಿದುದು.

ಹಾಗಾದರೆ ವರದಿಗಳನ್ನೆಲ್ಲ ತೆಗೆದುಹಾಕಿದರೆ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಅರಬ್ಬೀ ಸಮುದ್ರವೇ ಉತ್ತರ ಕೊಟ್ಟಿದೆ. 2025ರ ಮೇ 25ರಂದು ಕೇರಳದ ಕರಾವಳಿಯಾಚೆ ಎಂ.ಎಸ್.ಸಿ. ಎಲ್ಸಾ 3 ಎಂಬ ಹಡಗು 640 ಕಂಟೇನರುಗಳೊಡನೆ ಮುಳುಗಿತು. ಅವುಗಳಲ್ಲಿ 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಈ ವಸ್ತುವಿಗೆ ನೀರು ತಾಕಿದರೆ ಅಸಿಟಿಲೀನ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಜೂನ್ 9ರಂದು ವಾನ್ ಹಾಯ್ 503 ಎಂಬ ಇನ್ನೊಂದು ಹಡಗಿಗೆ ಬೆಂಕಿ ಬಿದ್ದಿತು. ಅದರಲ್ಲಿದ್ದ 22 ಜನರಲ್ಲಿ 18 ಜನರನ್ನು ರಕ್ಷಿಸಿ ನವಮಂಗಳೂರಿಗೆ ತರಲಾಯಿತು, ನಾಲ್ವರು ಕಾಣೆಯಾದರು. ಇಂಥ ಹಡಗಿನ ಬಳಿಗೆ ಹೋಗುವ ಕರಾವಳಿ ಕಾವಲು ಪಡೆಯವನಿಗೆ, ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ತಿಳಿಸುವ ಅಪಾಯಕರ ಸರಕಿನ ಪಟ್ಟಿಯು ಪ್ರಾಣದ ಪ್ರಶ್ನೆಯಾಗಿರುತ್ತದೆ. ಆ ಒಂದು ಹಾಳೆಯನ್ನು ಕಡಿಮೆ ಮಾಡುವುದು ಸುಧಾರಣೆಯಲ್ಲ.

ಆದುದರಿಂದ ವರದಿಗಳನ್ನು ಎಣಿಸುವುದಕ್ಕಿಂತ ತೂಗಿ ನೋಡುವುದು ಮೇಲು. ನನ್ನ ಅಲ್ಪಮತಿಗೆ ಮೂರು ಪರೀಕ್ಷೆಗಳು ತೋರುತ್ತವೆ. ಮೊದಲನೆಯದು, ಈ ವರದಿಯನ್ನು ಓದಿ ಯಾರಾದರೂ ಏನಾದರೂ ಕ್ರಮ ಕೈಕೊಳ್ಳುವರೇ? ಎರಡನೆಯದು, ಈ ಸಂಗತಿ ಸರಕಾರದ ಬೇರೊಂದು ಕಚೇರಿಯಲ್ಲಿ ಆಗಲೇ ಇದೆಯೇ? ಮೂರನೆಯದು, ಇದು ಇಲ್ಲದಿದ್ದರೆ ಯಾರ ಜೀವಕ್ಕಾಗಲಿ, ಸರಕಾರದ ಬೊಕ್ಕಸಕ್ಕಾಗಲಿ ಕೇಡುಂಟೇ? ಮೊದಲನೆಯ ಪ್ರಶ್ನೆಗೂ ಮೂರನೆಯ ಪ್ರಶ್ನೆಗೂ ಇಲ್ಲವೆಂಬ ಉತ್ತರ ಬಂದರೆ ಅಂಥ ವರದಿಯನ್ನು ಬಿಡಬಹುದು. ಎರಡನೆಯದಕ್ಕೆ ಹೌದೆಂಬ ಉತ್ತರ ಬಂದರೆ ಕಚೇರಿಗಳು ತಮ್ಮ ತಮ್ಮಲ್ಲಿ ಕೇಳಿ ಪಡೆಯಲಿ. ಪ್ರಜೆಯನ್ನು ಮತ್ತೆ ಕೇಳದಿರಲಿ. ಕಾಗದವನ್ನು ಕಂಪ್ಯೂಟರಿಗೆ ಏರಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ತಿಳಿಯಬಾರದು. ಪರದೆಯ ಮೇಲೆ ತುಂಬಿದರೂ 96 ದಾಖಲೆಗಳು 96 ದಾಖಲೆಗಳೇ. ದೊಡ್ಡ ಕಂಪನಿ ಅವನ್ನು ತುಂಬಲು ಏಜೆಂಟರನ್ನು ಇಟ್ಟುಕೊಳ್ಳಬಲ್ಲುದು. ಹತ್ತು ಜನ ಲಿಂಬೆ ಬೆಳೆಗಾರರು ಕೂಡಿದ ಸಂಘಕ್ಕೆ ಅದು ಸುಲಭವಲ್ಲ.

ನನ್ನ ಮನೆಯಲ್ಲಿ ಸರಕಾರದಿಂದ ಬಂದ ಕಾಗದವನ್ನು ಓದಿ ಹೇಳುವ ಕೆಲಸ ನನ್ನದು. ನಮ್ಮಲ್ಲಿ ಅನೇಕರ ಮನೆಗಳಲ್ಲಿಯೂ ಹಾಗೆಯೇ ಇದ್ದೀತು. ಪದವಿ ಪಡೆದ ಮೇಲೆ ನಮ್ಮಲ್ಲಿ ಕೆಲವರಾದರೂ ಸರಕಾರಿ ಕಚೇರಿಗಳಲ್ಲಿ ಮೇಜಿನ ಆಚೆ ಬದಿಗೆ ಕುಳಿತುಕೊಳ್ಳುವವರು. ಹೊಸ ನಮೂನೆಯೊಂದನ್ನು ಬರೆಯುವ ಅಧಿಕಾರ ಅಂದು ಕೈಗೆ ಬಂದರೆ, ಅದನ್ನು ತುಂಬುವವರು ಯಾರು, ಓದುವವರು ಯಾರು ಎಂಬೆರಡು ಮಾತುಗಳನ್ನು ಮೊದಲು ವಿಚಾರಿಸುವುದು ನಮ್ಮ ಕರ್ತವ್ಯವಾಗಿದೆ.