ನಾಯಿಮರಿಗೆ ಹೊರಕಡೆಯ ಅಭ್ಯಾಸ

ನಮ್ಮ ಊರ ನಾಯಿಗಳು ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲಿ. ರಾಗಿ ಒಕ್ಕಣೆಯ ಕಾಲವೂ ಅದೇ. ಕಣದ ಕಾವಲಿಗೆಂದೋ, ಕುರಿಹಟ್ಟಿಯ ಕಾವಲಿಗೆಂದೋ, ಇಲ್ಲವೇ ಮಕ್ಕಳ ಹಟಕ್ಕೆ ಸೋತೋ ರೈತನು ಮನೆಗೊಂದು ಮರಿ ತರುತ್ತಾನೆ. ಬಂದ ದಿನ ಅದು ಎಲ್ಲರಿಗೂ ಮುದ್ದು. ಮೂರನೆಯ ದಿನ ಪಡಸಾಲೆಯಲ್ಲಿ ಒಂದು ಕಡೆ ಒದ್ದೆ, ರಾಗಿಚೀಲದ ಪಕ್ಕದಲ್ಲಿ ಇನ್ನೊಂದು ಕಡೆ ಹೊಲಸು. ವಾರ ಕಳೆಯುವುದರೊಳಗೆ ಮನೆಯಾಕೆ ಪೊರಕೆ ಹಿಡಿಯುತ್ತಾಳೆ, ಮರಿ ಬೀದಿಪಾಲಾಗುತ್ತದೆ. ಹೀಗೆ ಬೀದಿಗೆ ಬಿದ್ದ ಮರಿಯೇ ಮುಂದೆ ಯಾರದೂ ಅಲ್ಲದ, ಚುಚ್ಚುಮದ್ದು ಕಾಣದ ನಾಯಿಯಾಗಿ ಊರಿಗೇ ಭಯ ತರುತ್ತದೆ.

ತಪ್ಪು ಮರಿಯದಲ್ಲ. ಹೊರಕಡೆಗೆ ಎಲ್ಲಿ ಹೋಗಬೇಕೆಂಬುದನ್ನು ಅದಕ್ಕೆ ಯಾರೂ ಕಲಿಸಿರುವುದಿಲ್ಲ. ಹೋರಿಗೆ ನೊಗ ಕಲಿಸಲು ತಿಂಗಳುಗಟ್ಟಲೆ ತಾಳ್ಮೆ ತೋರುವ ನಾವು ನಾಯಿಮರಿಗೆ ಎರಡು ವಾರದ ತಾಳ್ಮೆಯನ್ನೂ ತೋರುವುದಿಲ್ಲ.

ಇದು ಕೇವಲ ಮನೆಯ ಚೊಕ್ಕಟದ ಮಾತೆಂದು ತಿಳಿಯಬಾರದು. ನಾಯಿಯ ಜಂತುಹುಳುಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಯನ್ನು ಸೇರುತ್ತವೆ. ಹುಟ್ಟಿದ ಮೇಲೆ ಮೊಲೆಹಾಲಿನಿಂದಲೂ ಬರುತ್ತವೆ. ಆದುದರಿಂದ ನೋಡಲು ದುಂಡುದುಂಡಗಿರುವ ಮರಿಯ ಹೊಟ್ಟೆಯಲ್ಲಿಯೂ ಹುಳುಗಳಿರುವುದು ಸಾಮಾನ್ಯ. ಇವುಗಳ ಮೊಟ್ಟೆಗಳು ಮಲದೊಡನೆ ಹೊರಬಿದ್ದ ದಿನವೇ ರೋಗ ತರುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಕಳೆದ ಮೇಲೆ ಅವು ಬಲಿಯುತ್ತವೆ. ಆಮೇಲೆ ವರ್ಷಗಟ್ಟಲೆ ಅಲ್ಲಿಯೇ ಉಳಿಯಬಲ್ಲವು. ಅಂಗಳದಲ್ಲಿ ಆಡುವ ಮಗು ಆ ಮಣ್ಣಿನ ಕೈಯನ್ನು ಬಾಯಿಗಿಟ್ಟರೆ ಮರಿಹುಳುಗಳು ಅದರ ದೇಹದೊಳಗೆ ಅಲೆದಾಡುತ್ತವೆ. ಕೆಲವೊಮ್ಮೆ ಕಣ್ಣಿಗೂ ತಲುಪಿ ದೃಷ್ಟಿ ಕೆಡಿಸುವುದುಂಟು. ನಾಯಿಯ ಕೊಕ್ಕೆಹುಳುವಿನ ಮರಿಗಳು ಒದ್ದೆ ಮಣ್ಣಿನಲ್ಲಿ ಇನ್ನೂ ಬೇಗ, ಸುಮಾರು ಒಂದು ವಾರದಲ್ಲಿಯೇ, ಸಿದ್ಧವಾಗುತ್ತವೆ. ಬರಿಗಾಲಿನ ಚರ್ಮವನ್ನು ಕೊರೆದು ಅವು ಒಳಹೊಕ್ಕಾಗ ಹಾವು ಹರಿದಂತೆ ಕೆಂಪು ಗೆರೆ ಎದ್ದು ವಿಪರೀತ ತುರಿಕೆಯಾಗುತ್ತದೆ.

ದನಗಳಿಗೂ ತೊಂದರೆ ತಪ್ಪಿದ್ದಲ್ಲ. 1988ರಲ್ಲಿ ವಿಜ್ಞಾನಿಗಳು ನಿಯೋಸ್ಪೋರ ಎಂದು ಹೆಸರಿಟ್ಟ ಒಂದು ಸೂಕ್ಷ್ಮಜೀವಿಯು ನಾಯಿಯ ಮಲದಿಂದ ಮೇವಿಗೆ, ಮೇವಿನಿಂದ ಹಸುವಿಗೆ ಸೇರಿ ಗಬ್ಬದ ಹಸು ಕಂದು ಹಾಕುವಂತೆ ಮಾಡುತ್ತದೆ. ಹುಲ್ಲಿನ ಮೆದೆಯ ಬುಡದಲ್ಲಿಯೋ ಗೋದಲಿಯಲ್ಲಿಯೋ ಮರಿ ಮಲ ಹಾಕುವುದನ್ನು ಕಂಡೂ ಕಾಣದಂತಿರುವವರು ಇದನ್ನು ತಿಳಿದಿರಬೇಕು.

ಇನ್ನು ಕಲಿಸುವ ಬಗೆ. ಇದರ ಅರ್ಧ ಕೆಲಸವನ್ನು ತಾಯಿನಾಯಿಯೇ ಮಾಡಿರುತ್ತದೆ. ಕಣ್ಣುಬಿಡದ ಮರಿಯ ಮಲಮೂತ್ರವನ್ನು ತಾಯಿಯು ನೆಕ್ಕಿ ಚೊಕ್ಕಟ ಮಾಡುತ್ತದೆ. ಮೂರು ವಾರ ತುಂಬಿ ಕಾಲಿಗೆ ಬಲ ಬಂದೊಡನೆ ಮರಿಯು ಮಲಗುವ ಜಾಗವನ್ನು ಬಿಟ್ಟು ನಾಲ್ಕು ಹೆಜ್ಜೆ ಆಚೆ ಹೋಗಿ ಕೂರಲು ತೊಡಗುತ್ತದೆ. ಮಲಗುವ ಜಾಗ ಹೊಲಸಾಗಬಾರದೆಂಬುದು ಅದರ ಹುಟ್ಟುಗುಣ. ನಾವು ಮಾಡಬೇಕಾದುದು ಇಷ್ಟೇ: ಇಡೀ ಮನೆಯೇ ಮಲಗುವ ಜಾಗ, ಹಿತ್ತಿಲ ಆ ಮೂಲೆಯೇ ಹೊರಕಡೆಯ ಜಾಗ ಎಂದು ಅದಕ್ಕೆ ಮನವರಿಕೆ ಮಾಡಿಸುವುದು. ತಾಯಿಯೊಡನೆ ಎಂಟು ವಾರವಾದರೂ ಕಳೆದ ಮರಿಗೆ ಇದು ಸುಲಭವಾಗಿ ಬರುತ್ತದೆ. ತಿಂಗಳೂ ತುಂಬದ ಮರಿಯನ್ನು ಕಿತ್ತು ತರುವುದು ನಮ್ಮಲ್ಲಿ ಹೆಚ್ಚು, ಅದು ಸರಿಯಲ್ಲ. ಮುಧೋಳದ ಜಾತಿನಾಯಿಯಾಗಲಿ ಊರ ನಾಯಿಯಾಗಲಿ ಇದರಲ್ಲಿ ಭೇದವಿಲ್ಲ.

ಮೊದಲು ಜಾಗವನ್ನು ಗೊತ್ತುಮಾಡಬೇಕು. ಹಿತ್ತಿಲಿನಲ್ಲಿ ಬಾವಿಗೆ, ಸೊಪ್ಪಿನ ಮಡಿಗೆ, ಮೆದೆಗೆ, ಮಕ್ಕಳಾಡುವ ಜಾಗಕ್ಕೆ ದೂರವಾದ ಒಂದು ಮೂಲೆ ಸಾಕು. ಮರಿಯನ್ನು ಬೀದಿಗೆ ಬಿಟ್ಟುಬರುವ ವಾಡಿಕೆ ಒಳ್ಳೆಯದಲ್ಲ. ರಕ್ತಭೇದಿಯಿಂದ ಮರಿಗಳನ್ನು ಕೊಲ್ಲುವ ಪಾರ್ವೋ ಎಂಬ ಬೇನೆ 1978ರಿಂದೀಚೆಗೆ ಲೋಕವನ್ನೆಲ್ಲ ವ್ಯಾಪಿಸಿದೆ. ಬೇನೆ ಬಿದ್ದ ನಾಯಿಯ ಮಲದಲ್ಲಿರುವ ವಿಷಾಣು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಇದರ ಚುಚ್ಚುಮದ್ದುಗಳು ಮುಗಿಯುವವರೆಗೆ ಹತ್ತು ನಾಯಿಗಳು ಸುಳಿಯುವ ಜಾಗಕ್ಕೆ ಮರಿಯನ್ನು ಒಯ್ಯಕೂಡದು.

ಜಾಗ ಗೊತ್ತಾದ ಮೇಲೆ ಹೊತ್ತು. ಮರಿಗೆ ಹೊರಕಡೆಯ ಒತ್ತಡ ಯಾವಾಗ ಬರುತ್ತದೆಂಬುದು ಗಡಿಯಾರದಷ್ಟು ಖಚಿತ: ನಿದ್ದೆಯಿಂದ ಎದ್ದೊಡನೆ, ಉಂಡ ಕಾಲು ಅಥವಾ ಅರ್ಧ ಗಂಟೆಯೊಳಗೆ, ನೀರು ಕುಡಿದ ಮೇಲೆ, ಕುಣಿದಾಡಿದ ಮೇಲೆ. ಈ ಎಲ್ಲ ಹೊತ್ತಿನಲ್ಲಿಯೂ ಅದನ್ನು ಆ ಮೂಲೆಗೆ ಕರೆದೊಯ್ಯಬೇಕು. ಇವಲ್ಲದೆ ಹಗಲಿನಲ್ಲಿ ಎರಡು ಗಂಟೆಗೊಮ್ಮೆಯಾದರೂ ಕರೆದೊಯ್ಯಬೇಕು. ಎರಡು ತಿಂಗಳ ಮರಿಯು ಎರಡು ಮೂರು ಗಂಟೆಗಿಂತ ಹೆಚ್ಚು ತಡೆಯಲಾರದು. ತಿಂಗಳಿಗೆ ಸುಮಾರು ಒಂದೊಂದು ಗಂಟೆಯಂತೆ ಅದರ ತಾಳಿಕೆ ಬೆಳೆಯುತ್ತದೆ. ರೈತನ ಮನೆಯಲ್ಲಿ ಇದಕ್ಕೆ ಬೇರೆ ಗಡಿಯಾರ ಬೇಡ. ಹಾಲು ಕರೆಯಲು ಏಳುವಾಗ ಒಮ್ಮೆ, ಕೊಟ್ಟಿಗೆ ಗುಡಿಸುವಾಗ ಒಮ್ಮೆ, ಬುತ್ತಿ ಕಟ್ಟುವಾಗ ಒಮ್ಮೆ, ದನ ಹಟ್ಟಿಗೆ ಬಂದಾಗ ಒಮ್ಮೆ, ದೀಪ ಆರಿಸುವ ಮುಂಚೆ ಒಮ್ಮೆ ಎಂದು ಮನೆಗೆಲಸದ ಜೊತೆಗೇ ಹೊಂದಿಸಿಕೊಂಡರೆ ಮರೆಯುವುದಿಲ್ಲ. ನಡುವಿನ ಹೊತ್ತನ್ನು ಮನೆಯಲ್ಲಿರುವ ಅಜ್ಜಿಗೋ, ಶಾಲೆಯಿಂದ ಬಂದ ಹುಡುಗನಿಗೋ ಒಪ್ಪಿಸಬಹುದು. ಮಕ್ಕಳು ಈ ಕೆಲಸವನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ. ಆದರೆ ಕೈಕಾಲು ತೊಳೆಯದೆ ಅಡುಗೆಮನೆಗೆ ಬರಕೂಡದು.

ಮೂಲೆಗೆ ಹೋದ ಮೇಲೆ ಮರಿಯೊಡನೆ ಆಟಕ್ಕೆ ನಿಲ್ಲಬಾರದು. ಸುಮ್ಮನೆ ನಿಂತು "ಹೋಗು" ಎಂಬ ಒಂದೇ ಮಾತನ್ನು ಹೇಳಬೇಕು. ಮನೆಯವರೆಲ್ಲರೂ ಅದೇ ಮಾತನ್ನು ಹೇಳತಕ್ಕದ್ದು. ಕೂತು ಎದ್ದ ಆ ಕ್ಷಣದಲ್ಲಿಯೇ ತಲೆ ಸವರಿ, ಒಂದು ಚೂರು ರೊಟ್ಟಿಯನ್ನೋ ಬೇಯಿಸಿದ ಮೊಟ್ಟೆಯ ತುಣುಕನ್ನೋ ಕೊಡಬೇಕು. ಮನೆಗೆ ಬಂದ ಮೇಲೆ ಕೊಟ್ಟರೆ, ಅದು ಮನೆಗೆ ಬಂದುದಕ್ಕೆ ಸಿಕ್ಕ ತಿಂಡಿಯೆಂದು ಮರಿ ತಿಳಿಯುತ್ತದೆ.

ರಾತ್ರಿಯ ಹೊತ್ತಿಗೆ ಕೋಳಿ ಮುಚ್ಚುವ ಮಂಕರಿ ಬಹಳ ಉಪಯುಕ್ತ. ಗಾಳಿಯಾಡುವ, ಮರಿ ನಿಂತು ತಿರುಗಿ ಮಲಗುವಷ್ಟು ಮಾತ್ರ ಅಗಲವಾದ ಮಂಕರಿಯ ಕೆಳಗೆ ಹಳೆಯ ಗೋಣಿಯನ್ನು ಹಾಸಿ, ಮನೆಯವರು ಮಲಗುವ ಜಾಗದ ಹತ್ತಿರವೇ ಮರಿಯನ್ನು ಮಲಗಿಸಬೇಕು. ತನ್ನ ಹಾಸಿಗೆಯನ್ನು ಒದ್ದೆ ಮಾಡಲು ಇಷ್ಟವಿಲ್ಲದ್ದರಿಂದ ಒತ್ತಡ ಬಂದಾಗ ಅದು ಕುಂಯ್‌ಗುಟ್ಟುತ್ತದೆ. ಆಗ ಎದ್ದು ಹೊರಗೆ ಕರೆದೊಯ್ಯಬೇಕು. ಮೊದಲ ಎರಡು ಮೂರು ವಾರ ರಾತ್ರಿ ಒಮ್ಮೆಯಾದರೂ ಏಳಲೇಬೇಕಾಗುತ್ತದೆ. ನೀರು ಕಟ್ಟುವ ಸರದಿಗೆ ಅರ್ಧರಾತ್ರಿ ಏಳುವ ರೈತನಿಗೆ ಇದೇನು ದೊಡ್ಡದಲ್ಲ. ಮಂಕರಿಯನ್ನು ಹಗಲಿಡೀ ಮುಚ್ಚಿಡುವ ಸೆರೆಮನೆ ಮಾಡಬಾರದು. ತಡೆಯಲಾರದೆ ಮತ್ತೆ ಮತ್ತೆ ತನ್ನ ಹಾಸಿಗೆಯಲ್ಲಿಯೇ ಕೂತ ಮರಿಗೆ ಆ ಹುಟ್ಟುಗುಣವೇ ಕೆಟ್ಟುಹೋಗಬಹುದು.

ಈಗ ಕೋಲಿನ ವಿಚಾರ. ಹೊಲಸು ಮಾಡಿದ ಮರಿಯ ಮೂತಿಯನ್ನು ಅದಕ್ಕೇ ಉಜ್ಜಿ ಎರಡು ಬಿಗಿದರೆ ಬುದ್ಧಿ ಬರುತ್ತದೆಂದು ಹಿರಿಯರು ಹೇಳುವುದುಂಟು. "ನಮ್ಮಪ್ಪನ ಕಾಲದಿಂದ ಹಾಗೇ ಮಾಡ್ಕೊಂಡು ಬಂದಿದ್ದೀವಲ್ಲ ಸ್ವಾಮಿ, ನಾಯಿ ಕಲಿತಿಲ್ವೇ?" ಎಂದು ಕೇಳುವವರೂ ಇದ್ದಾರೆ. ಕಲಿತದ್ದು ನಿಜ, ಆದರೆ ಕಲಿತದ್ದು ಏನು? ಅರ್ಧ ಗಂಟೆಯ ಹಿಂದೆ ಮಾಡಿದ್ದಕ್ಕೂ ಈಗ ಬಿದ್ದ ಏಟಿಗೂ ಸಂಬಂಧ ಕಟ್ಟುವ ಶಕ್ತಿ ಮರಿಗಿಲ್ಲ. ಮನುಷ್ಯರ ಎದುರಿಗೆ ಕೂರಬಾರದೆಂಬುದೊಂದೇ ಅದಕ್ಕೆ ತಿಳಿಯುತ್ತದೆ. ಅಂದಿನಿಂದ ಅದು ಮಂಚದ ಕೆಳಗೆ, ವಾಡೆಯ ಹಿಂದೆ, ಕತ್ತಲ ಕೋಣೆಯಲ್ಲಿ ಕದ್ದು ಕೂರುತ್ತದೆ. ಹಿತ್ತಿಲಿಗೆ ಕರೆದೊಯ್ದರೂ ನೀವು ನಿಂತಿರುವವರೆಗೆ ಬಿಗಿಹಿಡಿದು, ಒಳಗೆ ಬಂದೊಡನೆ ಬಿಡುತ್ತದೆ. ಏಟು ತಿಂದ ಮರಿ ತಪ್ಪು ಮಾಡಿದ ಮುಖ ಮಾಡುತ್ತದೆಂದು ಜನ ಹೇಳುವುದು ಹೆದರಿದ ಮುಖವನ್ನು ನೋಡಿ. ಒಳಗೆ ಕೂರುತ್ತಿರುವಾಗಲೇ ಕಣ್ಣಿಗೆ ಬಿದ್ದರೆ ಒಂದು ಚಪ್ಪಾಳೆ ತಟ್ಟಿ ಗಮನ ಸೆಳೆದು, ಎತ್ತಿಕೊಂಡು ಮೂಲೆಗೆ ಒಯ್ಯಿರಿ. ಮುಗಿದುಹೋದ ಮೇಲೆ ಕಂಡರೆ ಮರಿಗೆ ಏನನ್ನೂ ಹೇಳದೆ ನೆಲ ಚೊಕ್ಕಟ ಮಾಡಿರಿ. ಮರಿಯು ನೆಲ ಮೂಸುತ್ತಾ ಒಂದೇ ಕಡೆ ಸುತ್ತುವುದು, ಆಟವನ್ನು ಅರ್ಧಕ್ಕೆ ಬಿಟ್ಟು ಮೂಲೆ ಹುಡುಕುವುದು, ಬಾಗಿಲ ಕಡೆ ನೋಡುವುದು, ಇವೆಲ್ಲ ಅದು ನಮಗೆ ಕೊಡುವ ಸೂಚನೆಗಳು.

ನೆಲ ಚೊಕ್ಕಟ ಮಾಡುವುದರಲ್ಲಿಯೂ ಒಂದು ಕ್ರಮವಿದೆ. ನಮ್ಮ ಮೂಗಿಗೆ ತಿಳಿಯದ ವಾಸನೆಯೂ ನಾಯಿಗೆ ತಿಳಿಯುತ್ತದೆ. ವಾಸನೆ ಉಳಿದ ಜಾಗಕ್ಕೆ ಅದು ಮತ್ತೆ ಮತ್ತೆ ಬರುತ್ತದೆ. ಮಣ್ಣಿನ ನೆಲವಾದರೆ ಒದ್ದೆಯಾದ ಮೇಲ್ಮಣ್ಣನ್ನು ಕೆರೆದು ತೆಗೆದು, ಹೊಸ ಮಣ್ಣು ಮೆತ್ತಿ, ಒಣಗಿದ ಮೇಲೆ ಸಗಣಿ ಸಾರಿಸಬೇಕು. ಹಸಿಯ ಮೇಲೆಯೇ ಸಾರಿಸಿದರೆ ವಾಸನೆ ಅಡಿಯಲ್ಲಿ ಉಳಿಯುತ್ತದೆ. ಸಿಮೆಂಟಿನ ನೆಲವನ್ನು ಸೋಪಿನ ನೀರಿನಿಂದ ಉಜ್ಜಿ, ನೀರು ಹೊಯ್ದು ಒಣಗಿಸಿದರೆ ಸಾಕು. ಫಿನೈಲ್ ಹಾಕುವವರು ನೆಲ ಪೂರ್ತಿ ಒಣಗುವವರೆಗೆ ಮರಿಯನ್ನು ದೂರವಿಡಬೇಕು; ಅದು ಪಾದ ನೆಕ್ಕುತ್ತದೆ. ಹಿತ್ತಿಲ ಮೂಲೆಯ ಮಲವನ್ನು ಪ್ರತಿದಿನವೂ ಸಲಿಕೆಯಿಂದ ಎತ್ತಿ, ಮೊಳದುದ್ದ ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಹುಳುವಿನ ಮೊಟ್ಟೆ ಬಲಿಯುವ ಮುಂಚೆಯೇ ನೆಲ ಶುದ್ಧವಾಗಲಿ ಎಂಬುದು ಇದರ ಉದ್ದೇಶ. ತಿಪ್ಪೆಗೆ ಎಸೆಯಬೇಡಿ. ನಮ್ಮ ಸಾಮಾನ್ಯ ತಿಪ್ಪೆಯ ಅಂಚುಗಳು ಆ ಮೊಟ್ಟೆಗಳು ಸಾಯುವಷ್ಟು ಕಾವೇರುವುದಿಲ್ಲ. ಅದೇ ಗೊಬ್ಬರ ನಾಳೆ ಸೊಪ್ಪಿನ ಮಡಿಗೆ ಹೋಗುತ್ತದೆ.

ಊಟ ಹೊತ್ತಿಗೆ ಸರಿಯಾಗಿದ್ದರೆ ಹೊರಕಡೆಯೂ ಹೊತ್ತಿಗೆ ಸರಿಯಾಗುತ್ತದೆ. ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು ಸಲ, ಆರು ತಿಂಗಳಾದ ಮೇಲೆ ಎರಡು ಸಲ ಹಾಕಿ, ಕಾಲು ಗಂಟೆಯ ಮೇಲೆ ತಟ್ಟೆ ಎತ್ತಿಬಿಡಬೇಕು. ನೀರು ಮಾತ್ರ ಹಗಲೆಲ್ಲ ಇರಲಿ. ಹಸುವಿನ ಹಾಲನ್ನು ಹೆಚ್ಚಾಗಿ ಕುಡಿಸಿದರೆ ಕೆಲವು ಮರಿಗಳಿಗೆ ಭೇದಿಯಾಗುತ್ತದೆ. ಭೇದಿಯಾದ ಮರಿಗೆ ಯಾವ ಪಾಠವೂ ಹತ್ತುವುದಿಲ್ಲ. ಉಳಿದ ಸಾರನ್ನು ಸುರಿಯುವುದೂ ಬೇಡ, ಈರುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತದೆ. ಹಬ್ಬದಲ್ಲಿ ಕುರಿ ಕೊಯ್ದಾಗ ಹಸಿ ಈಲಿ, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವ ಪದ್ಧತಿಯನ್ನಂತೂ ನಿಲ್ಲಿಸಲೇಬೇಕು. ಅವುಗಳಲ್ಲಿರುವ ನೀರುಗುಳ್ಳೆಗಳನ್ನು ತಿಂದ ನಾಯಿಯ ಕರುಳಿನಲ್ಲಿ ಒಂದು ಸಣ್ಣ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ಮಲದಲ್ಲಿ ಬಿದ್ದೊಡನೆಯೇ ಅಪಾಯಕಾರಿ. ಮನುಷ್ಯನ ಹೊಟ್ಟೆ ಸೇರಿದರೆ ಅವನ ಈಲಿಯಲ್ಲಿಯೂ ಅಂಥದೇ ಗುಳ್ಳೆ ಏಳುತ್ತದೆ.

ಜಂತುಹುಳುವಿನ ಔಷಧಿಯನ್ನು ಎರಡು ವಾರದ ವಯಸ್ಸಿನಿಂದ ಹದಿನೈದು ದಿನಕ್ಕೊಮ್ಮೆ ಎರಡು ತಿಂಗಳವರೆಗೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಿಸಬೇಕು. ಪ್ರಮಾಣವು ಮರಿಯ ತೂಕದ ಮೇಲೆ ಹೋಗುವುದರಿಂದ ಪಶುವೈದ್ಯರನ್ನು ಕೇಳಿಯೇ ಹಾಕಿಸಿ. ಮೂರು ತಿಂಗಳಿಗೆ ರೇಬೀಸ್ ಚುಚ್ಚುಮದ್ದು ಆಗಲೇಬೇಕು; ಮುಂದಿನ ಚುಚ್ಚುಮದ್ದಿನ ದಿನವನ್ನು ಅಲ್ಲಿಯೇ ಬರೆಸಿಕೊಳ್ಳಿರಿ.

ಹೆಚ್ಚಿನ ಮರಿಗಳು ನಾಲ್ಕರಿಂದ ಆರು ತಿಂಗಳೊಳಗೆ ಕಲಿಯುತ್ತವೆ. ಮಳೆಗಾಲದಲ್ಲಿ ಕೆಲವು ಮರಿಗಳು ಹೊರಗೆ ಕಾಲಿಡಲು ಒಪ್ಪುವುದಿಲ್ಲ. ಸೂರಿನ ಕೆಳಗೆ ಒಡೆದ ಬಾಂಡಲಿಯಲ್ಲಿ ಅದೇ ಮೂಲೆಯ ಮಣ್ಣನ್ನು ತುಂಬಿಟ್ಟರೆ ಅಲ್ಲಿ ಕೂರುತ್ತವೆ. ಯಜಮಾನನನ್ನು ಕಂಡೊಡನೆ ಮೈ ಕುಗ್ಗಿಸಿ ಕಾಲಡಿಯಲ್ಲಿಯೇ ಒದ್ದೆ ಮಾಡುವ ಮರಿಯು ಹೆದರಿದ ಮರಿ. ಅದನ್ನು ಗದರದೆ, ಬಗ್ಗಿ ಕೂತು ಮೆಲ್ಲನೆ ಮಾತನಾಡಿಸಿದರೆ ಬೆಳೆಯುತ್ತಾ ಆ ಚಾಳಿ ಬಿಡುತ್ತದೆ. ಚೆನ್ನಾಗಿ ಕಲಿತ ಮರಿಯು ಇದ್ದಕ್ಕಿದ್ದಂತೆ ಮತ್ತೆ ಒಳಗೆ ಒದ್ದೆ ಮಾಡತೊಡಗಿದರೆ, ಪದೇ ಪದೇ ತೊಟ್ಟು ತೊಟ್ಟಾಗಿ ಕೂತರೆ, ಮೂತ್ರದಲ್ಲಿ ಕೆಂಪು ಕಂಡರೆ, ಅದು ಮೂತ್ರದ ಬೇನೆಯಿರಬಹುದು. ಅದೇ ದಿನ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.