*ಇಂಪ್ಲಾಂಟ್‌ಗೆ ಮುನ್ನ ದವಡೆಗೆ ಯಾವ ಮೂಳೆ? ಹೃದ್ರೋಗಿಗಳು ಓದಲೇಬೇಕು*



"ಡಾಕ್ಟ್ರೇ, ಹಲ್ಲಿಗೆ ಮೂಳೆ ಕಸಿ ಮಾಡ್ಬೇಕಂತೆ. ರಕ್ತ ಜಾಸ್ತಿ ಹೋಗ್ಬಾರ್ದು ಅಂತ ನಾಲ್ಕು ದಿನದಿಂದ ಮಾತ್ರೆ ನಿಲ್ಲಿಸಿದ್ದೇನೆ."

ಘಾಟ್ಕೋಪರ್‌ನ ಹೋಟೆಲ್ ಮಾಲೀಕರೊಬ್ಬರು ಹೀಗೆಂದಾಗ ನಾನು ಬೆಚ್ಚಿಬಿದ್ದೆ. ಅವರಿಗೆ ಸ್ಟೆಂಟ್ ಹಾಕಿ ಮೂರು ತಿಂಗಳೂ ಆಗಿರಲಿಲ್ಲ. ಮಾತ್ರೆ ನಿಲ್ಲಿಸಲು ಹೇಳಿದ್ದು ದಂತವೈದ್ಯರಲ್ಲ, ಪಕ್ಕದ ಮನೆಯವರು! ಅಂದೇ ಮಾತ್ರೆ ಶುರುಮಾಡಿಸಿ, ಕಸಿಯನ್ನು ಮುಂದೂಡಿಸಿದೆ. ಅವರಿಗೆ ವಿವರಿಸಿದ್ದನ್ನೇ ನಿಮಗೂ ಹೇಳುತ್ತೇನೆ.

*ಮೂಳೆ ಯಾಕೆ ಬೇಕು?*
ಹಲ್ಲು ಕಿತ್ತ ಜಾಗದಲ್ಲಿ ದವಡೆಯ ಮೂಳೆ ಸವೆಯುತ್ತದೆ. ಒಂದು ವರ್ಷದಲ್ಲಿ ಅದರ ಅಗಲ ಅರ್ಧದಷ್ಟು ತಗ್ಗಬಹುದು. ಇಂಪ್ಲಾಂಟ್ ಎಂಬ ಟೈಟೇನಿಯಂ ತಿರುಪು ನಿಲ್ಲಲು ಸಾಕಷ್ಟು ಮೂಳೆ ಇರಬೇಕು.

*ನಾಲ್ಕು ಆಯ್ಕೆಗಳು*
1. *ನಿಮ್ಮದೇ ಮೂಳೆ:* ಗದ್ದದಿಂದ, ಕೆಳದವಡೆಯ ಹಿಂಭಾಗದಿಂದ, ದೊಡ್ಡ ಕೊರತೆಯಿದ್ದರೆ ಸೊಂಟದಿಂದ ತೆಗೆಯುತ್ತಾರೆ. ಜೀವಕೋಶಗಳ ಸಮೇತ ಬರುವುದರಿಂದ ಚೆನ್ನಾಗಿ ಕೂಡುತ್ತದೆ. ಆದರೆ ಇನ್ನೊಂದು ಕಡೆಯೂ ಗಾಯ, ನೋವು.
2. *ದಾನಿಯ ಮೂಳೆ:* ಪರೀಕ್ಷಿಸಿ, ಸಂಸ್ಕರಿಸಿ, ಒಣಗಿಸಿದ್ದು. ನಮ್ಮ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಲ್ಲಿ ಶುರುವಾಯಿತು. ಅಲ್ಲಿ ವಿಕಿರಣದಿಂದ ಕ್ರಿಮಿಶುದ್ಧ ಮಾಡುತ್ತಾರೆ.
3. *ಪ್ರಾಣಿಯ ಮೂಳೆ:* ಹೆಚ್ಚಾಗಿ ದನದ್ದು. ಬಹಳ ನಿಧಾನವಾಗಿ ಕರಗುವುದರಿಂದ ತುಂಬಿದ ಆಕಾರ ಉಳಿಯುತ್ತದೆ. ನಿಮ್ಮ ಆಚಾರಕ್ಕೆ ಒಗ್ಗದಿದ್ದರೆ ಸಂಕೋಚಪಡದೆ ಮೊದಲೇ ಹೇಳಿ.
4. *ಕೃತಕ ಮೂಳೆ:* ಕ್ಯಾಲ್ಸಿಯಂ ಫಾಸ್ಫೇಟ್‌ನಂಥ ವಸ್ತುಗಳಿಂದ ತಯಾರಾದದ್ದು.

ಕೊನೆಯ ಮೂರೂ ಮುಂಬೈ ಕಟ್ಟಡಗಳ ರಿಪೇರಿಗೆ ಕಟ್ಟುವ ಬಿದಿರಿನ ಅಟ್ಟಣಿಗೆ ಇದ್ದ ಹಾಗೆ. ಹೊಸ ಮೂಳೆ ಕಟ್ಟುವ ಮೇಸ್ತ್ರಿ ನಿಮ್ಮ ದೇಹವೇ. ಅದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಒಂಬತ್ತು ತಿಂಗಳು ಬೇಕು.

*ಯಾವುದು ಒಳ್ಳೆಯದು?*
ದುಬಾರಿಯಾದದ್ದೇ ಒಳ್ಳೆಯದೆಂದಲ್ಲ. ಸಣ್ಣ ಕೊರತೆಗೆ 2, 3, 4 ಸಾಮಾನ್ಯವಾಗಿ ಸಾಕು. ಎತ್ತರವೇ ಕುಸಿದಿದ್ದರೆ ಸ್ವಂತ ಮೂಳೆ ಬೇಕಾಗಬಹುದು. ಬೆರೆಸಿ ಹಾಕುವುದೂ ಉಂಟು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು ಎರಡು ಪ್ರಶ್ನೆ ಕೇಳಿ: "ಎರಡನೇ ಗಾಯ ತಪ್ಪಿಸಬಹುದೇ? ಗಿಡ್ಡ ಇಂಪ್ಲಾಂಟ್ ಹಾಕಿದರೆ ಕಸಿಯೇ ಬೇಡವಾಗುತ್ತದೆಯೇ?"

*ಹೃದ್ರೋಗಿಗಳು ನೆನಪಿಡಿ*
• ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನೀವಾಗಿ ನಿಲ್ಲಿಸಬೇಡಿ. ಬಾಯಿಯ ರಕ್ತವನ್ನು ಗಾಜ್ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ.
• ಇಂಪ್ಲಾಂಟ್ ತುರ್ತಲ್ಲ. ಸ್ಟೆಂಟ್ ಹಾಕಿ ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತ ಆಗಿದ್ದರೆ ಒಂದು ವರ್ಷ ಕಾಯುವುದು ಕ್ಷೇಮ.
• ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರು ಐಎನ್‌ಆರ್ ಪರೀಕ್ಷೆ ಮಾಡಿಸಿ.
• ಕೃತಕ ಕವಾಟ ಇರುವವರು ಮೊದಲೇ ತಿಳಿಸಿ. ಶಸ್ತ್ರಚಿಕಿತ್ಸೆಗೆ ಅರ್ಧದಿಂದ ಒಂದು ಗಂಟೆ ಮುಂಚೆ ಆ್ಯಂಟಿಬಯೋಟಿಕ್ ಬೇಕು.
• ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ ಅಥವಾ ಝೋಲೆಡ್ರೊನಿಕ್ ಇಂಜೆಕ್ಷನ್ ಪಡೆದಿದ್ದರೆ ಮುಚ್ಚಿಡಬೇಡಿ. ಅಪರೂಪಕ್ಕೆ ದವಡೆಯ ಗಾಯ ಮಾಯುವುದಿಲ್ಲ.
• ಸಕ್ಕರೆ ಹತೋಟಿಯಲ್ಲಿರಲಿ. ಬೀಡಿ, ಸಿಗರೇಟ್, ಗುಟ್ಕಾ ಬಿಡದಿದ್ದರೆ ಯಾವ ಮೂಳೆಯೂ ಸರಿಯಾಗಿ ಕೂಡದು.

ದಂತವೈದ್ಯರ ಬಳಿ ಹೋಗುವಾಗ ನಿಮ್ಮ ಎಲ್ಲ ಮಾತ್ರೆಗಳ ಚೀಟಿ, ಸ್ಟೆಂಟ್ ಕಾರ್ಡ್ ಜೊತೆಗಿರಲಿ. ಅವರೂ ನಿಮ್ಮ ಹೃದ್ರೋಗ ತಜ್ಞರೂ ಒಮ್ಮೆ ಫೋನಿನಲ್ಲಿ ಮಾತಾಡಿಕೊಂಡರೆ ಸಾಕು, ಅರ್ಧ ಅಪಾಯ ತಪ್ಪುತ್ತದೆ.

ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ. ಹಲ್ಲು ತಡವಾಗಿ ಬಂದರೂ ನಡೆಯುತ್ತದೆ. ಹೃದಯ ಮಾತ್ರ ಒಂದು ದಿನವೂ ರಜೆ ಹಾಕುವಂತಿಲ್ಲ.

– ನಿಮ್ಮ ಹೃದ್ರೋಗ ತಜ್ಞ, ಮುಂಬೈ